ಹಾಯಿದೋಣಿಗೆ ಹೊಸ ಸ್ವಿಚ್ ಫಲಕ ಹಾಕಿದ ಮೇಲೆ ಕಾಣುವ ದೋಷಗಳು: ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಬೆಂಗಳೂರಿನಲ್ಲಿ ವಾಸವಿದ್ದು ಕರಾವಳಿಯಲ್ಲಿ ಸಣ್ಣ ಹಾಯಿದೋಣಿ ಇಟ್ಟುಕೊಂಡವರಿಗೆ ವಿದ್ಯುತ್ತಿನ ಕೆಲಸದಲ್ಲಿ ಒಂದು ತೊಡಕು ತಪ್ಪಿದ್ದಲ್ಲ. ಫ್ಯೂಸು, ಸ್ವಿಚ್ಚು, ತಂತಿಯ ತುದಿಗೆ ಒತ್ತುವ ಲೋಹದ ಲಗ್ಗು, ತಂತಿ ಎಲ್ಲವೂ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ, ದೋಣಿ ಮಾತ್ರ ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿ, ಘಾಟಿಯ ಕೆಳಗೆ, ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತಿರುತ್ತದೆ. ಹಾಗಾಗಿ ನಾನು ಹೊಸ ಫಲಕವನ್ನು ಮನೆಯ ಮೇಜಿನ ಮೇಲೆಯೇ ಜೋಡಿಸಿ, ಕಾರಿನ ಬ್ಯಾಟರಿಯೊಂದಕ್ಕೆ ಕೂಡಿಸಿ, ಪ್ರತಿ ಸ್ವಿಚ್ಚಿಗೂ ಒಂದು ಬಲ್ಬು ಕಟ್ಟಿ ನೋಡಿ, ಆಮೇಲೆ ಒಯ್ದು ಕೂರಿಸುತ್ತೇನೆ. ಮೇಜಿನ ಮೇಲೆ ಚೆನ್ನಾಗಿ ಬೆಳಗಿದ ಫಲಕ ದೋಣಿಯಲ್ಲಿ ತೊಂದರೆ ಕೊಟ್ಟಾಗ ಮೊದಲ ಅನುಮಾನ ಫಲಕದ ಮೇಲೆಯೇ ಹೋಗುತ್ತದೆ. ನಾನು ಕಂಡಂತೆ ಆ ಅನುಮಾನ ನಿಜವಾಗುವುದು ಅಪರೂಪ. ಹಳೆಯ ತಂತಿಗಳಲ್ಲಿ, ಅದರಲ್ಲೂ ಯಾರೂ ಕಣ್ಣೆತ್ತಿ ನೋಡದ ನೆಗೆಟಿವ್ ಜೋಡಣೆಗಳಲ್ಲಿ ವರ್ಷಗಳಿಂದ ಅಡಗಿದ್ದ ಕಿಲುಬು, ಹೊಸ ಫಲಕ ಬಂದ ದಿನ ಹೊರಬೀಳುತ್ತದೆ. ಆದ್ದರಿಂದ ಏನನ್ನೂ ಬದಲಿಸುವ ಮೊದಲು ಅಳೆಯಬೇಕು, ಮತ್ತು ದೀಪವೋ ಪಂಪೋ ನಡೆಯುತ್ತಿರುವಾಗಲೇ ಅಳೆಯಬೇಕು.

ಇಲ್ಲಿ ಹೇಳಿರುವುದು 6ರಿಂದ 9 ಮೀಟರ್ ಉದ್ದದ, 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಿರುವ, ನಾಲ್ಕಾರು ಸ್ವಿಚ್ಚುಗಳ ಹಳೆಯ ಫಲಕ ತೆಗೆದು ಎಂಟು ಅಥವಾ ಹತ್ತು ಸ್ವಿಚ್ಚುಗಳ ಹೊಸದನ್ನು ಹಾಕಿಸಿಕೊಂಡ ದೋಣಿಗಳಿಗೆ. ಬೇಕಾಗುವ ಸಾಧನಗಳು ಕಡಿಮೆ: ಒಂದು ಸಾಮಾನ್ಯ ಮಲ್ಟಿಮೀಟರ್, ಎರಡು ತಂತಿ ಕಟ್ಟಿದ 12 ವೋಲ್ಟ್ 21 ವಾಟಿನ ಕಾರಿನ ಇಂಡಿಕೇಟರ್ ಬಲ್ಬು, ಉಜ್ಜುಕಾಗದ, ಬಿಡಿ ಫ್ಯೂಸುಗಳು, ಮತ್ತು ದೋಣಿಯ ಉದ್ದಕ್ಕೂ ಎಳೆಯಬಲ್ಲ ಹತ್ತು ಹನ್ನೆರಡು ಮೀಟರ್ ಉದ್ದದ ಒಂದು ಬಿಡಿ ತಂತಿ.

ಕೈ ಹಾಕುವ ಮುನ್ನ

12 ವೋಲ್ಟು ಒಣಗಿದ ಕೈಗೆ ಆಘಾತ ಕೊಡುವುದಿಲ್ಲ, ಆದರೆ ಬೆಂಕಿ ಹಚ್ಚಬಲ್ಲದು. ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ. ಉಂಗುರ, ಲೋಹದ ಕೈಗಡಿಯಾರ, ಸರಗಳನ್ನು ತೆಗೆದಿಡಬೇಕು. ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಸೌರಫಲಕವಿದ್ದರೆ ಬ್ಯಾಟರಿಗೂ ಮೊದಲು ಅದನ್ನು ಕಳಚಬೇಕು. ಬ್ಯಾಟರಿ ಇಲ್ಲದೆ ಬಿಸಿಲಿಗೆ ತೆರೆದ ಸೌರಫಲಕ 12 ವೋಲ್ಟಿಗಿಂತ ಬಹಳ ಹೆಚ್ಚಿನ ಒತ್ತಡ ಕೊಡುತ್ತದೆ, ನಿಯಂತ್ರಕವನ್ನೂ ಉಪಕರಣಗಳನ್ನೂ ಹಾಳು ಮಾಡಬಲ್ಲದು. ಚಾರ್ಜ್ ಆಗುತ್ತಿರುವ ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ತಲುಪಿದರೆ ಒಂದು ಕಿಡಿ ಸಾಕು. ಪೆಟ್ರೋಲ್ ಆವಿ ಮತ್ತು ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಸೇರಿಕೊಳ್ಳುತ್ತವೆ. ಇವುಗಳ ವಾಸನೆ ಸ್ವಲ್ಪ ಬಂದರೂ ಯಾವ ಸ್ವಿಚ್ಚನ್ನೂ, ಫ್ಯಾನಿನದನ್ನೂ ಸಹ, ಮುಟ್ಟದೆ ಮುಚ್ಚಳಗಳನ್ನೆಲ್ಲ ತೆರೆದು ಹೊರಬಂದು ಗಾಳಿಯಾಡಲು ಬಿಡಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಸಿಹಿನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು.

ದಡದಿಂದ 230 ವೋಲ್ಟಿನ ಸಂಪರ್ಕ ಪಡೆಯುವ ದೋಣಿಯಾದರೆ ಮೊದಲು ಆ ಪ್ಲಗ್ಗನ್ನು ದಡದ ಕಡೆಯಲ್ಲಿಯೇ ಕಿತ್ತಿಡಬೇಕು. 230 ವೋಲ್ಟಿನ ಭಾಗ ಈ ಕೈಪಿಡಿಗೆ ಸೇರಿಲ್ಲ. ಆ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ಬಿಟ್ಟದ್ದು.

ತಂತಿಗಳ ಬಣ್ಣದ ಬಗ್ಗೆಯೂ ಇಲ್ಲಿಯೇ ಎಚ್ಚರಿಸಬೇಕು. ಅನೇಕ ದೋಣಿಗಳಲ್ಲಿ 12 ವೋಲ್ಟಿನ ನೆಗೆಟಿವ್ ತಂತಿ ಹಳದಿ ಬಣ್ಣದ್ದಾಗಿರುತ್ತದೆ. ನಮ್ಮ ಮನೆಗಳ ಮೂರು ಫೇಸಿನ ವೈರಿಂಗಿನಲ್ಲಿ ಹಳದಿ ಒಂದು ಫೇಸಿನ ಬಣ್ಣ. ಮನೆ ವೈರಿಂಗ್ ಮಾಡುವವರನ್ನು ಸಹಾಯಕ್ಕೆ ಕರೆದೊಯ್ದಿದ್ದರೆ ಈ ಒಂದು ಮಾತನ್ನು ಕೆಲಸಕ್ಕೆ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಹಳದಿ ತಂತಿಗಳೆಲ್ಲ ಪಾಸಿಟಿವ್ ಕಡೆಗೆ ಸೇರಿಬಿಡುತ್ತವೆ.

ಲಕ್ಷಣ: ಯಾವ ಸ್ವಿಚ್ಚೂ ಕೆಲಸ ಮಾಡುತ್ತಿಲ್ಲ

ಮೊದಲು ಬ್ಯಾಟರಿಯ ಪ್ರಧಾನ ಸ್ವಿಚ್ ಹಾಕಿದೆಯೇ ನೋಡಿ. ಅನಂತರ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಕೆಲವು ಗಂಟೆ ಏನೂ ಬಳಸದೆ ಬಿಟ್ಟ ಬ್ಯಾಟರಿ 12.6 ಅಥವಾ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.1ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿ, 11.8ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಬರಿದಾಗಿದೆ. ಈಚೆಗೆ ಬಂದಿರುವ ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಒಳಗಿನ ರಕ್ಷಣಾ ಮಂಡಲ ಕಡಿತಗೊಂಡರೆ ತುಂಬಿದ ಬ್ಯಾಟರಿಯೂ ಒಮ್ಮೆಲೇ ಶೂನ್ಯ ತೋರಿಸಬಹುದು.

ಬ್ಯಾಟರಿ ಸರಿಯಿದ್ದರೆ ಅದರಿಂದ ಫಲಕದ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಬನ್ನಿ. ಪ್ರಧಾನ ಫ್ಯೂಸಿನ ಎರಡೂ ಕಡೆ, ಪ್ರಧಾನ ಸ್ವಿಚ್ಚಿನ ಎರಡೂ ಕಡೆ, ಫಲಕದ ಪಾಸಿಟಿವ್ ಪಟ್ಟಿ, ಹೀಗೆ ಪ್ರತಿಯೊಂದನ್ನೂ ಬ್ಯಾಟರಿಯ ನೆಗೆಟಿವ್‌ಗೆ ಹೋಲಿಸಿ ಅಳೆಯಿರಿ. ಎಲ್ಲಿ 12 ವೋಲ್ಟು ಮಾಯವಾಗುತ್ತದೆಯೋ ಅದರ ಹಿಂದಿನ ಜೋಡಣೆಯಲ್ಲಿ ದೋಷವಿದೆ. ಫಲಕದ ಪಾಸಿಟಿವ್ ಪಟ್ಟಿಯಲ್ಲಿ 12 ವೋಲ್ಟು ಇದ್ದೂ ಏನೂ ನಡೆಯದಿದ್ದರೆ ನೆಗೆಟಿವ್ ಪಟ್ಟಿಯಿಂದ ಬ್ಯಾಟರಿಗೆ ಹೋಗುವ ದಪ್ಪ ತಂತಿ ಬಿಟ್ಟುಹೋಗಿದೆ ಎಂದೇ ಅರ್ಥ. ಹೊಸ ಫಲಕದ ಹಿಂದೆ ಹತ್ತಾರು ತಂತಿಗಳನ್ನು ಕಟ್ಟಿ ಮುಚ್ಚುವ ಆತುರದಲ್ಲಿ ಈ ಒಂದು ತಂತಿಯ ತಿರುಪು ಬಿಗಿಯಾಗದೆ ಉಳಿಯುವುದು ಆಶ್ಚರ್ಯವಲ್ಲ.

ಲಕ್ಷಣ: ಒಂದು ಸಾಲು ಮಾತ್ರ ಸತ್ತಿದೆ

ಸಾಲು ಎಂದರೆ ಇಲ್ಲಿ ಒಂದು ಸ್ವಿಚ್ಚಿನಿಂದ ಅದರ ಉಪಕರಣಕ್ಕೆ ಹೋಗಿ ಬರುವ ತಂತಿಯ ದಾರಿ. ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನಿಸದೆ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಕಾಲುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಒಳಗಿನ ತಂತಿ ಗಟ್ಟಿಯಾಗಿದ್ದರೂ ಸಂಪರ್ಕ ಇರುವುದಿಲ್ಲ. ಫ್ಯೂಸ್ ಸರಿಯಿದ್ದರೆ ಆ ಸ್ವಿಚ್ಚಿನ ಔಟ್‌ಪುಟ್‌ನಲ್ಲಿ 12 ವೋಲ್ಟು ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಫಲಕದ ಕೆಲಸ ಅಲ್ಲಿಗೆ ಮುಗಿಯಿತು, ದೋಷ ಅಲ್ಲಿಂದಾಚೆಗಿದೆ.

ಹಳೆಯ ಬಲ್ಬುಗಳ ಜಾಗದಲ್ಲಿ ಎಲ್‌ಇಡಿ ದೀಪಗಳನ್ನೂ ಇದೇ ಸಮಯಕ್ಕೆ ಹಾಕಿದ್ದರೆ ಇನ್ನೊಂದು ಸಾಧ್ಯತೆಯಿದೆ. ತಂತುವಿನ ಬಲ್ಬಿಗೆ ಪಾಸಿಟಿವ್ ನೆಗೆಟಿವ್‌ಗಳ ಭೇದವಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಯಾರೋ ತಂತಿಗಳನ್ನು ಅದಲು ಬದಲು ಮಾಡಿದ್ದರೂ ಅದು ಬೆಳಗುತ್ತಲೇ ಇತ್ತು. ಎಲ್‌ಇಡಿ ಹಾಗೆ ಬೆಳಗುವುದಿಲ್ಲ. ದೀಪದ ಬಳಿ ಮಲ್ಟಿಮೀಟರ್ ಇಟ್ಟಾಗ ಋಣ ಚಿಹ್ನೆಯೊಂದಿಗೆ 12 ವೋಲ್ಟು ಕಂಡರೆ ತಂತಿಗಳನ್ನು ತಿರುಗಿಸಿ ಹಾಕಿದರೆ ಸಾಕು.

ಲಕ್ಷಣ: ಸ್ವಿಚ್ಚಿನ ಸೂಚಕ ದೀಪ ವಿಚಿತ್ರವಾಗಿ ವರ್ತಿಸುತ್ತಿದೆ

ಉಪಕರಣ ನಡೆಯುತ್ತಿದ್ದು ಸೂಚಕ ಮಾತ್ರ ಬೆಳಗದಿದ್ದರೆ ಆ ಸ್ವಿಚ್ಚಿನ ಸಣ್ಣ ನೆಗೆಟಿವ್ ತಂತಿ ಕೂಡಿಲ್ಲ. ಸ್ವಿಚ್ ಆರಿಸಿದರೂ ಸೂಚಕ ಸದಾ ಬೆಳಗುತ್ತಿದ್ದರೆ ಮೂರು ಕಾಲಿನ ಸ್ವಿಚ್ಚಿನಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳು ಅದಲುಬದಲಾಗಿವೆ. ಇವೆರಡೂ ಜೋಡಣೆಯ ತಪ್ಪುಗಳು, ಮೇಜಿನ ಮೇಲೆಯೇ ಸಿಕ್ಕಿಬೀಳುವಂಥವು. ಆರಿಸಿದ ಸ್ವಿಚ್ಚಿನ ಸೂಚಕ ಇನ್ನೊಂದು ಸ್ವಿಚ್ ಹಾಕಿದಾಗ ಮಾತ್ರ ಮಂಕಾಗಿ ಬೆಳಗಿದರೆ ವಿಷಯ ಬೇರೆ. ಅದು ನೆಗೆಟಿವ್ ತಂತಿಯ ದೋಷ, ಮುಂದೆ ‘ಒಂದು ಸ್ವಿಚ್ ಹಾಕಿದರೆ ಇನ್ನೊಂದು ಉಪಕರಣ ಮಿಸುಕಾಡುತ್ತದೆ’ ಎಂಬ ಭಾಗದಲ್ಲಿ ವಿವರಿಸಿದ್ದೇನೆ.

ಲಕ್ಷಣ: ದೀಪಗಳು ಮಂಕಾಗಿವೆ

ನನ್ನ ಮಟ್ಟಿಗೆ ಎಲ್ಲ ಲಕ್ಷಣಗಳಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇದು, ಏಕೆಂದರೆ ಮಂಕಾದ ದೀಪವನ್ನು ಜನ ಸಹಿಸಿಕೊಂಡು ಹೋಗುತ್ತಾರೆ. ಕೋಣೆಯ ದೀಪವಾದರೆ ಸಹಿಸಬಹುದು. ರಾತ್ರಿ ಇನ್ನೊಂದು ಹಡಗಿಗೆ ನಮ್ಮ ಇರವನ್ನು ತಿಳಿಸುವ ಕೆಂಪು, ಹಸಿರು, ಬಿಳಿಯ ಸಂಚಾರ ದೀಪಗಳ ಮಾತು ಹಾಗಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 12 ಮೀಟರಿಗಿಂತ ಚಿಕ್ಕ ದೋಣಿಯ ಪಕ್ಕದ ದೀಪಗಳು ಕನಿಷ್ಠ 1 ನಾಟಿಕಲ್ ಮೈಲಿ, ಹಿಂಬದಿಯ ದೀಪ ಕನಿಷ್ಠ 2 ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ: ವೋಲ್ಟೇಜು ಶೇಕಡಾ 10ರಷ್ಟು ಇಳಿದರೆ ಬೆಳಕು ಹತ್ತಿರ ಹತ್ತಿರ ಶೇಕಡಾ 30ರಷ್ಟು ಇಳಿಯುತ್ತದೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ದೀಪದ ಗಾಜಿನ ಹೊದಿಕೆಗೆ ಉಪ್ಪಿನ ಪೊರೆ ಕಟ್ಟಿದ್ದರೆ ಸಿಹಿನೀರಿನಿಂದ ಒರೆಸಿ, ಬಲ್ಬು ಕೂರುವ ಲೋಹದ ತುದಿಗಳನ್ನು ಉಜ್ಜುಕಾಗದದಿಂದ ತಿಕ್ಕಿ ನೋಡಿ.

ಅನಂತರ ದೀಪ ಬೆಳಗುತ್ತಿರುವಾಗಲೇ ಅದರ ಎರಡು ತುದಿಗಳಲ್ಲಿ ವೋಲ್ಟೇಜ್ ಅಳೆದು, ಅದೇ ಕ್ಷಣದಲ್ಲಿ ಬ್ಯಾಟರಿಯ ಮೇಲಿರುವ ವೋಲ್ಟೇಜಿಗೆ ಹೋಲಿಸಿ. ಬಲ್ಬು ತೆಗೆದಿಟ್ಟು ಹೋಲ್ಡರಿನಲ್ಲಿ ಅಳೆದರೆ ಮೋಸ ಹೋಗುವುದು ಖಂಡಿತ. ಕಿಲುಬು ಹಿಡಿದು ಒಂದೇ ಎಳೆಯಲ್ಲಿ ನಿಂತಿರುವ ತಂತಿಯೂ ಮಲ್ಟಿಮೀಟರಿಗೆ 12.5 ವೋಲ್ಟು ತೋರಿಸುತ್ತದೆ, ಯಾಕೆಂದರೆ ಮಲ್ಟಿಮೀಟರ್ ಎಳೆಯುವ ವಿದ್ಯುತ್ತು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅದೇ ತಂತಿಗೆ 21 ವಾಟಿನ ಬಲ್ಬು ಕಟ್ಟಿದ ಕೂಡಲೇ ವೋಲ್ಟೇಜು 6ಕ್ಕೋ 7ಕ್ಕೋ ಕುಸಿಯಬಹುದು. ಇಂಡಿಕೇಟರ್ ಬಲ್ಬನ್ನು ಜೊತೆಗಿಟ್ಟುಕೊಳ್ಳಿ ಎಂದು ಆರಂಭದಲ್ಲಿ ಹೇಳಿದ್ದಕ್ಕೆ ಇದು ಒಂದು ಕಾರಣ.

ಬ್ಯಾಟರಿಗೂ ದೀಪಕ್ಕೂ ನಡುವೆ ಎಷ್ಟು ವ್ಯತ್ಯಾಸ ಸಹ್ಯ? ದೋಣಿಗಳ ವಿದ್ಯುತ್ ಕೆಲಸಕ್ಕೆ ಹೆಚ್ಚಾಗಿ ಅನುಸರಿಸುವ ಅಮೆರಿಕದ ದೋಣಿಗಳ ಸಂಸ್ಥೆ ಎಬಿವೈಸಿಯ ಮಾನದಂಡದಲ್ಲಿ ಸಂಚಾರ ದೀಪದಂಥ ಮುಖ್ಯ ಸಾಲುಗಳಿಗೆ ಶೇಕಡಾ 3, ಅಂದರೆ ಸುಮಾರು 0.36 ವೋಲ್ಟು ಮಿತಿ. ಉಳಿದವಕ್ಕೆ ಶೇಕಡಾ 10. ಹಾಯಿ ಕಟ್ಟುವ ಕೂವೆಕಂಬದ ತುದಿಯಲ್ಲಿ 25 ವಾಟಿನ ಬಲ್ಬಿದೆ ಎಂದಿಟ್ಟುಕೊಳ್ಳೋಣ. ಅದು ಸುಮಾರು 2.1 ಆಂಪಿಯರ್ ಎಳೆಯುತ್ತದೆ. ಫಲಕದಿಂದ ಕಂಬದ ತುದಿಗೆ 12 ಮೀಟರ್, ಹೋಗಿ ಬರುವ ದಾರಿ 24 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಆ ಉದ್ದದಲ್ಲಿ ರೋಧ ಸುಮಾರು 0.28 ಓಮ್, ಇಳಿಕೆ 0.58 ವೋಲ್ಟು, ಅಂದರೆ ಶೇಕಡಾ 5ರ ಹತ್ತಿರ. ತಂತಿ ಹೊಚ್ಚಹೊಸದಾಗಿದ್ದರೂ ಮಿತಿ ಮೀರಿತು. 2.5 ಚದರ ಮಿಲಿಮೀಟರಿನದಾದರೆ ಇಳಿಕೆ 0.35 ವೋಲ್ಟಿಗೆ ಬರುತ್ತದೆ. ಅದೇ 1.5ರ ತಂತಿಯಲ್ಲಿಯೇ 2 ವಾಟಿನ ಎಲ್‌ಇಡಿ ಹಾಕಿದರೆ ಇಳಿಕೆ 0.05 ವೋಲ್ಟು ಮಾತ್ರ. ಆದ್ದರಿಂದ ಕಂಬದೊಳಗಿನ ತಂತಿ ಬದಲಿಸುವ ಕಷ್ಟದ ಕೆಲಸಕ್ಕೆ ಇಳಿಯುವ ಮೊದಲು ದೀಪವನ್ನೇ ಬದಲಿಸುವುದು ಅಗ್ಗವೂ ಹೌದು, ಸುಲಭವೂ ಹೌದು. ಆದರೆ ಎಲ್‌ಇಡಿ ಬಲ್ಬು ಆ ದೀಪದ ಕವಚಕ್ಕೆ ಒಪ್ಪಿತವಾದದ್ದಾಗಿರಬೇಕು. ಹಳೆಯ ಕವಚಕ್ಕೆ ಕೈಗೆ ಸಿಕ್ಕ ಎಲ್‌ಇಡಿ ತುರುಕಿದರೆ ಬಣ್ಣವೂ ಬೆಳಕಿನ ಕೋನವೂ ಕೆಡುತ್ತವೆ.

ಲೆಕ್ಕಕ್ಕಿಂತ ಇಳಿಕೆ ಬಹಳ ಹೆಚ್ಚಿದ್ದರೆ ತಂತಿಯಲ್ಲಿ ಅಲ್ಲ, ಯಾವುದೋ ಜೋಡಣೆಯಲ್ಲಿ ರೋಧವಿದೆ. ಮೀಟರಿನ ಒಂದು ಕಡ್ಡಿಯನ್ನು ಬಿಡಿ ತಂತಿಯ ಮೂಲಕ ಬ್ಯಾಟರಿಯ ಪಾಸಿಟಿವ್‌ಗೆ ಕೂಡಿಸಿ, ಇನ್ನೊಂದನ್ನು ದೀಪದ ಪಾಸಿಟಿವ್ ತುದಿಗೆ ಹಿಡಿಯಿರಿ. ಕಂಡ ಸಂಖ್ಯೆ ಪಾಸಿಟಿವ್ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ನೆಗೆಟಿವ್ ಕಡೆಗೂ ಹಾಗೆಯೇ ಮಾಡಿ. ಎರಡರಲ್ಲಿ ದೊಡ್ಡದು ಯಾವುದೋ ಆ ದಾರಿಯಲ್ಲಿ ಒಂದೊಂದೇ ಜೋಡಣೆಯನ್ನು ದಾಟುತ್ತ ಬಂದರೆ ಸಂಖ್ಯೆ ಒಮ್ಮೆಲೇ ಬದಲಾಗುವ ಜಾಗ ಸಿಗುತ್ತದೆ. ಕೂವೆಕಂಬದ ಬುಡದಲ್ಲಿರುವ ಪ್ಲಗ್ಗನ್ನು ಮೊದಲು ನೋಡಿ. ಡೆಕ್ಕಿನ ನೀರೆಲ್ಲ ಹರಿದು ಬರುವ ಜಾಗದಲ್ಲಿ ಅದು ಕೂತಿರುತ್ತದೆ.

ಎಲ್ಲ ದೀಪಗಳೂ ಒಟ್ಟಿಗೆ ಮಂಕಾಗಿದ್ದರೆ ಫಲಕಕ್ಕೆ ಬರುವ ಮೂಲ ತಂತಿಯನ್ನು ಅನುಮಾನಿಸಬೇಕು. ನಾಲ್ಕು ಸ್ವಿಚ್ಚಿಗೆ ಸಾಕಾಗಿದ್ದ ತಂತಿ ಹತ್ತು ಸ್ವಿಚ್ಚಿಗೆ ಸಾಲದು. ನಾನು ಮೊದಲ ಸಲ ಫಲಕ ಬದಲಿಸಿದಾಗ ಮುಂಭಾಗವನ್ನು ಮಾತ್ರ ಹೊಸದು ಮಾಡಿ ಹಿಂದಿನ 2.5 ಚದರ ಮಿಲಿಮೀಟರಿನ ಮೂಲ ತಂತಿಯನ್ನು ಹಾಗೆಯೇ ಉಳಿಸಿಕೊಂಡಿದ್ದೆ. ಎಲ್ಲ ಸಾಲುಗಳ ಆಂಪಿಯರ್ ಕೂಡಿಸಿ ನೋಡಿದಾಗ 22 ಬಂತು. ಆ ತಂತಿಯನ್ನು ಅದೇ ದಿನ ತೆಗೆಸಿದೆ.

ತಂತಿಯ ತುದಿಯ ಹೊದಿಕೆಯನ್ನು ಒಂದಿಷ್ಟು ಸುಲಿದಾಗ ತಾಮ್ರ ಕಪ್ಪಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತ ಹೋಗಬೇಕು. ಒಂದು ಅಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಆ ತಂತಿಯನ್ನು ಬಿಟ್ಟುಬಿಡಿ. ಹೊಸದಾಗಿ ಎಳೆಯುವುದು ತವರದ ಲೇಪನವಿರುವ, ಬಹು ಎಳೆಗಳ ತಾಮ್ರದ ತಂತಿಯಾಗಿರಲಿ. ತುದಿಗಳನ್ನು ಒಳ್ಳೆಯ ಕ್ರಿಂಪಿಂಗ್ ಇಕ್ಕಳದಿಂದ ಲಗ್ಗಿಗೆ ಒತ್ತಿ, ಒಳಗೆ ಅಂಟು ಸವರಿದ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಬೇಕು. ಬೆಸುಗೆಯೊಂದನ್ನೇ ನಂಬಬಾರದು, ಬೆಸುಗೆ ಹೀರಿದ ಎಳೆಗಳು ಸೆಟೆದುಕೊಂಡು ದೋಣಿಯ ಅಲುಗಾಟಕ್ಕೆ ಅದರ ಅಂಚಿನಲ್ಲಿಯೇ ಮುರಿಯುತ್ತವೆ.

ಲಕ್ಷಣ: ಒಂದು ಸ್ವಿಚ್ ಹಾಕಿದರೆ ಇನ್ನೊಂದು ಉಪಕರಣ ಮಿಸುಕಾಡುತ್ತದೆ

ಲಂಗರು ದೀಪ ಹಾಕಿದಾಗ ಆರಿಸಿದ್ದ ಡೆಕ್ ದೀಪದ ಸೂಚಕ ಮಂಕಾಗಿ ಹೊತ್ತಿಕೊಳ್ಳುತ್ತದೆ, ಎರಡನ್ನೂ ಹಾಕಿದರೆ ಎರಡೂ ಸರಿಯಾಗಿ ಬೆಳಗುವುದಿಲ್ಲ. ಇದನ್ನು ಕಂಡು ಫಲಕದೊಳಗೆ ಶಾರ್ಟ್ ಆಗಿದೆ ಎಂದು ಅದನ್ನು ವಾಪಸು ಕಳಿಸಿದವರಿದ್ದಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಇಷ್ಟು: ಕೂವೆಕಂಬದ ದೀಪಗಳಿಗೆಲ್ಲ ಒಂದೇ ನೆಗೆಟಿವ್ ತಂತಿಯಿದ್ದು ಅದು ಎಲ್ಲೋ ಬಿಟ್ಟುಹೋಗಿದೆ. ಲಂಗರು ದೀಪದ ಮೂಲಕ ಬಂದ ವಿದ್ಯುತ್ತಿಗೆ ಬ್ಯಾಟರಿಗೆ ಮರಳುವ ನೇರ ದಾರಿಯಿಲ್ಲದ್ದರಿಂದ ಅದು ಡೆಕ್ ದೀಪದೊಳಗೆ ಹಿಮ್ಮುಖವಾಗಿ ಹಾದು, ಅದರ ತಂತಿಯಲ್ಲಿ ಫಲಕಕ್ಕೆ ಇಳಿದು, ಸೂಚಕ ದೀಪದ ಮೂಲಕ ನೆಗೆಟಿವ್ ಪಟ್ಟಿ ಸೇರುತ್ತದೆ. ಹಳೆಯ ಫಲಕಕ್ಕೆ ಸೂಚಕ ದೀಪಗಳೇ ಇರಲಿಲ್ಲವಾದ್ದರಿಂದ ಈ ಕಳ್ಳದಾರಿ ಆಗ ಕಣ್ಣಿಗೆ ಬಿದ್ದಿರುವುದಿಲ್ಲ.

ಪರೀಕ್ಷೆ ಸುಲಭ. ಬಿಡಿ ತಂತಿಯ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಆ ದೀಪಗಳ ನೆಗೆಟಿವ್ ಸಾಲಿನಲ್ಲಿ ಕೈಗೆ ಸಿಗುವ ಜಾಗಗಳಿಗೆ ಒಂದೊಂದಾಗಿ ಮುಟ್ಟಿಸುತ್ತ ಮೇಲೆ ಹೋಗಿ. ಮುಟ್ಟಿಸಿದ ಕೂಡಲೇ ಎಲ್ಲವೂ ಸರಿಹೋದರೆ ದೋಷ ಆ ಜಾಗಕ್ಕೂ ಬ್ಯಾಟರಿಗೂ ನಡುವೆ ಇದೆ. ಮುಟ್ಟಿಸುತ್ತಿರುವುದು ನೆಗೆಟಿವ್ ತುದಿಯೇ ಎಂದು ಮೊದಲು ಮೀಟರಿನಿಂದ ಖಚಿತಪಡಿಸಿಕೊಳ್ಳಿ. ತಪ್ಪಿ ಪಾಸಿಟಿವ್‌ಗೆ ತಾಗಿದರೆ ಶಾರ್ಟ್ ಆಗುತ್ತದೆ. ಬಿಡಿ ತಂತಿಯಲ್ಲಿ 5 ಆಂಪಿಯರಿನ ಫ್ಯೂಸೊಂದನ್ನು ಕೂಡಿಸಿಕೊಳ್ಳುವುದು ಒಳಿತು. ಕಂಬ ಹತ್ತಬೇಕಾಗಿ ಬಂದರೆ ಒಬ್ಬರೇ ಹತ್ತಬಾರದು, ಒಂದೇ ಹಗ್ಗವನ್ನು ನಂಬಬಾರದು. ಹತ್ತುವ ಅಭ್ಯಾಸವಿಲ್ಲದಿದ್ದರೆ ಕಂಬ ಇಳಿಸುವವರೆಗೆ ಕಾಯಿರಿ.

ಲಕ್ಷಣ: ರೇಡಿಯೊ ಕೇಳಿಸುತ್ತದೆ, ಮಾತಾಡಲು ಒತ್ತಿದರೆ ಆರಿಹೋಗುತ್ತದೆ

ಬೇರೆ ದೋಣಿಗಳೊಡನೆಯೂ ದಡದೊಡನೆಯೂ ಮಾತಾಡುವ ವಿಎಚ್‌ಎಫ್ ರೇಡಿಯೊ ಕೇಳುವಾಗ ಅರ್ಧ ಆಂಪಿಯರಿನಷ್ಟು ಎಳೆದರೆ 25 ವಾಟಿನಲ್ಲಿ ಮಾತಾಡುವಾಗ 5ರಿಂದ 6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ 0.2 ಓಮ್ ರೋಧವಿದ್ದರೂ ಆ ಕ್ಷಣಕ್ಕೆ ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ರೇಡಿಯೊವನ್ನು 1 ವಾಟಿಗೆ ಇಳಿಸಿ ಪ್ರಯತ್ನಿಸಿ. 1 ವಾಟಿನಲ್ಲಿ ನಡೆದು 25ರಲ್ಲಿ ಆರಿದರೆ ರೇಡಿಯೊ ಚೆನ್ನಾಗಿದೆ, ವಿದ್ಯುತ್ತಿನ ದಾರಿ ಕೆಟ್ಟಿದೆ. ಆಂಟೆನಾ ಕೂಡಿಸದೆ ಒತ್ತಬಾರದು, ಮತ್ತು ಈ ಪರೀಕ್ಷೆಯನ್ನು ಅಪಾಯದ ಕರೆಗಳಿಗೆ ಮೀಸಲಾದ 16ನೆಯ ಚಾನೆಲಿನಲ್ಲಿ ಮಾಡಲೇಬಾರದು. ಈ ದೋಷವನ್ನು ಮುಂದಿನ ವಾರಕ್ಕೆ ಬಿಡಬೇಡಿ. ಸಹಾಯಕ್ಕೆ ಕರೆಯಬೇಕಾದ ಹೊತ್ತಿಗೆ ಬ್ಯಾಟರಿಯೂ ಅರ್ಧ ಇಳಿದಿರುತ್ತದೆ, ಆಗ ಈ ರೇಡಿಯೊ ಖಂಡಿತ ಆರುತ್ತದೆ.

ಯಾವುದೋ ದೀಪ ಹಾಕಿದಾಗ ರೇಡಿಯೊದಲ್ಲಿ ಬುಸುಗುಟ್ಟುವ ಸದ್ದು ಬಂದರೆ ಆ ಎಲ್‌ಇಡಿಯ ಒಳಗಿನ ನಿಯಂತ್ರಕ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತಿದೆ. ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿ ಯಾವುದೆಂದು ಗುರುತಿಸಿ. ತಂತಿಗೆ ಫೆರೈಟ್ ಉಂಗುರ ಹಾಕಿದರೆ ಕೆಲವೊಮ್ಮೆ ತಗ್ಗುತ್ತದೆ, ತಗ್ಗದಿದ್ದರೆ ದೀಪ ಬದಲಿಸಬೇಕು.

ಲಕ್ಷಣ: ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ

ಫ್ಯೂಸ್ ಇರುವುದು ತಂತಿಯ ರಕ್ಷಣೆಗೆ. 10 ಆಂಪಿಯರಿನ ಕೆಂಪು ಫ್ಯೂಸ್ ಹೋಯಿತೆಂದು 20ರ ಹಳದಿಯದನ್ನು ಹಾಕಿದರೆ ಮುಂದಿನ ಸಲ ಸುಡುವುದು ತಂತಿ. ಹೋದ ಫ್ಯೂಸನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಕಪ್ಪಾಗಿ ಲೋಹ ಸಿಡಿದಿದ್ದರೆ ನೇರ ಶಾರ್ಟ್ ಆಗಿದೆ. ಸ್ವಚ್ಛವಾಗಿ ಕರಗಿ ಒಂದು ಸಣ್ಣ ಬಿರುಕು ಮಾತ್ರ ಇದ್ದರೆ ಭಾರ ಹೆಚ್ಚಾಗಿದೆ.

ಶಾರ್ಟ್ ಹುಡುಕಲು ಫ್ಯೂಸುಗಳನ್ನು ಬಲಿಕೊಡಬೇಕಿಲ್ಲ. ಫ್ಯೂಸಿನ ಜಾಗದಲ್ಲಿ 21 ವಾಟಿನ ಇಂಡಿಕೇಟರ್ ಬಲ್ಬನ್ನು ಕಟ್ಟಿ, ಆ ಸಾಲಿನ ಉಪಕರಣವನ್ನು ಕಳಚಿ, ಸ್ವಿಚ್ ಹಾಕಿ. ಸಾಲು ಸರಿಯಿದ್ದರೆ ಬಲ್ಬು ಆರಿರುತ್ತದೆ. ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಬೆಳಗುತ್ತದೆ. 2 ಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲವಾದ್ದರಿಂದ ತಂತಿಗೆ ಅಪಾಯವಿಲ್ಲ. ಈಗ ತಂತಿಯನ್ನು ಅಲ್ಲಲ್ಲಿ ಅಲುಗಿಸುತ್ತ, ಜೋಡಣೆಗಳನ್ನು ದೂರದ ತುದಿಯಿಂದ ಒಂದೊಂದಾಗಿ ಬಿಡಿಸುತ್ತ ಬನ್ನಿ. ಬಲ್ಬು ಆರಿದ ಕ್ಷಣದಲ್ಲಿ ಬಿಡಿಸಿದ ಭಾಗದಲ್ಲಿಯೇ ಶಾರ್ಟ್ ಇದೆ. ತಂತಿ ಲೋಹದ ಅಂಚನ್ನು ದಾಟುವ ಜಾಗಗಳಲ್ಲಿ, ಕಂಬದ ಒಳಗೆ ನೇತಾಡುವ ಜಾಗದಲ್ಲಿ, ಹೊಸ ಫಲಕ ಕೂರಿಸುವಾಗ ಹಲಗೆಗೆ ಹಾಕಿದ ತಿರುಪು ಹಿಂದಿನ ತಂತಿಯನ್ನು ಚುಚ್ಚಿರಬಹುದಾದ ಜಾಗದಲ್ಲಿ ವಿಶೇಷವಾಗಿ ಹುಡುಕಿ.

ಲಕ್ಷಣ: ಸ್ವಿಚ್ ಬಿಸಿಯಾಗುತ್ತದೆ ಅಥವಾ ಸುಟ್ಟ ವಾಸನೆ ಬರುತ್ತದೆ

ಪ್ರಧಾನ ಸ್ವಿಚ್ಚನ್ನು ಕೂಡಲೇ ಆರಿಸಿ. ಎಂಜಿನ್ ನಡೆಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಏಕೆಂದರೆ ಆಲ್ಟರ್ನೇಟರ್ ತಿರುಗುತ್ತಿರುವಾಗ ಬ್ಯಾಟರಿ ಕಡಿತಗೊಂಡರೆ ಅದರ ಡಯೋಡುಗಳು ಸುಡುತ್ತವೆ. ಹೊಗೆ ಕಂಡರೆ ಮಾತ್ರ ಡಯೋಡಿನ ಚಿಂತೆ ಬಿಟ್ಟು ಎರಡನ್ನೂ ಒಟ್ಟಿಗೆ ನಿಲ್ಲಿಸಿ.

ತಣ್ಣಗಾದ ಮೇಲೆ ಸ್ವಿಚ್ಚಿನ ಮೇಲೆ ಬರೆದಿರುವುದನ್ನು ಓದಿ. ಒಮ್ಮೆ ಅಂಗಡಿಯೊಂದರಲ್ಲಿ ನಾನು ಪಂಪಿಗೆಂದು ಸ್ವಿಚ್ ಕೇಳಿದಾಗ, "ಹದಿನಾರು ಆಂಪಿಯರ್ ಇದೆ ಸರ್, ಬರೀ ಹನ್ನೆರಡು ವೋಲ್ಟಿಗೆ ಏನೂ ಆಗಲ್ಲ" ಎಂದು ಮನೆಬಳಕೆಯ ಸ್ವಿಚ್ಚೊಂದನ್ನು ಕೊಟ್ಟರು. ಮಾತು ಸಹಜವೆನಿಸಿದರೂ ತಪ್ಪು. ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 100 ಸಲ ಶೂನ್ಯಕ್ಕೆ ಇಳಿಯುವುದರಿಂದ ಸ್ವಿಚ್ ಆರಿಸಿದಾಗ ಹುಟ್ಟುವ ಕಿಡಿ ತಾನಾಗಿ ನಂದುತ್ತದೆ. ಬ್ಯಾಟರಿಯ ನೇರ ವಿದ್ಯುತ್ತು ಎಂದೂ ಶೂನ್ಯಕ್ಕೆ ಇಳಿಯದು. ಪಂಪಿನಂಥ ಮೋಟಾರನ್ನು ಆರಿಸುವಾಗ ಆ ಕಿಡಿ ಹೆಚ್ಚು ಹೊತ್ತು ನಿಂತು ತುದಿಗಳನ್ನು ತಿನ್ನುತ್ತದೆ, ತಿಂದ ತುದಿ ಬಿಸಿಯಾಗುತ್ತದೆ. ಸ್ವಿಚ್ಚೇ ಆಗಲಿ ಎಂಸಿಬಿಯೇ ಆಗಲಿ, ನೇರ ವಿದ್ಯುತ್ತಿಗೆ ಎಷ್ಟು ಆಂಪಿಯರ್ ಎಂದು ಅದರ ಮೇಲೆ ಬರೆದಿರಲೇಬೇಕು.

ಸರಿಯಾದ ಸ್ವಿಚ್ಚೇ ಬಿಸಿಯಾಗುತ್ತಿದ್ದರೆ ಅದರ ಹಿಂದಿನ ಒತ್ತು ಟರ್ಮಿನಲ್ ಸಡಿಲವಾಗಿದೆ. ತಂತಿಯ ಹೊದಿಕೆ ಕರಗಿದ್ದರೆ, ಅಥವಾ ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ, ಸ್ವಂತ ಪ್ರಯತ್ನ ಅಲ್ಲಿಗೆ ನಿಲ್ಲಿಸಿ ದೋಣಿಗಳ ವಿದ್ಯುತ್ ಬಲ್ಲವರನ್ನು ಕರೆಸಿ. ಕಾಣುವ ಭಾಗದಲ್ಲಿ ಕರಗಿದ್ದರೆ ಹಲಗೆಯ ಹಿಂದೆ, ಕಾಣದ ಭಾಗದಲ್ಲಿ ಎಷ್ಟು ಕರಗಿದೆಯೋ ಹೊರಗಿನಿಂದ ತಿಳಿಯುವುದಿಲ್ಲ.

ಲಕ್ಷಣ: ದೀಪ ಹಾಕಿದರೆ ದಿಕ್ಸೂಚಿ ತಿರುಗುತ್ತದೆ

ಹೊಸ ಫಲಕದ ತಂತಿಗಳು ದಿಕ್ಸೂಚಿಯ ಪಕ್ಕದಲ್ಲಿ ಹಾದಿವೆ. 3 ಆಂಪಿಯರ್ ಹರಿಯುವ ಒಂಟಿ ತಂತಿ 10 ಸೆಂಟಿಮೀಟರ್ ದೂರದಲ್ಲಿ 6 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಉಂಟುಮಾಡುತ್ತದೆ. ನಮ್ಮ ಭಾಗದಲ್ಲಿ ಭೂಮಿಯ ಸಮತಲ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ ಇರುವುದರಿಂದ ಸೂಜಿ 8 ಡಿಗ್ರಿಯವರೆಗೆ ತಪ್ಪಬಹುದು. ಪಾಸಿಟಿವ್ ಮತ್ತು ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಹೊಸೆದು ಎಳೆದರೆ ಎರಡರ ಕ್ಷೇತ್ರಗಳೂ ಪರಸ್ಪರ ಕಳೆದುಹೋಗುತ್ತವೆ. ಪ್ರತಿ ಸ್ವಿಚ್ಚನ್ನೂ ಹಾಕಿ ಆರಿಸಿ ಸೂಜಿಯನ್ನು ನೋಡುವ ಪರೀಕ್ಷೆಗೆ ಐದು ನಿಮಿಷ ಸಾಕು.

ಲಕ್ಷಣ: ತಳದ ನೀರೆತ್ತುವ ಪಂಪು ಸದ್ದು ಮಾಡುತ್ತದೆ, ನೀರು ಬರುವುದಿಲ್ಲ

ಜಾಲರಿಯಲ್ಲಿ ಕಸ, ನಾರು, ಕೂದಲು ಸಿಕ್ಕಿದೆಯೇ ಮೊದಲು ನೋಡಿ. ಫಲಕ ಬದಲಿಸಿದ ಮೇಲೆಯೇ ಈ ತೊಂದರೆ ಶುರುವಾಗಿದ್ದರೆ ಪಂಪಿನ ತಂತಿಗಳು ಅದಲುಬದಲಾಗಿ ಮೋಟಾರು ಹಿಮ್ಮುಖ ತಿರುಗುತ್ತಿರಬಹುದು. ಆಗ ಸದ್ದು ಬರುತ್ತದೆ, ನೀರು ಬಂದರೂ ಅತ್ಯಲ್ಪ.

ಪಂಪಿನ ಸ್ವಯಂಚಾಲಿತ ಸಾಲು ಪ್ರಧಾನ ಸ್ವಿಚ್ಚಿನ ಹಿಡಿತಕ್ಕೆ ಸಿಗದೆ, ತನ್ನದೇ ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಗೆ ಕೂಡಿರಬೇಕು. ಫಲಕ ಬದಲಿಸುವವರು ಅಚ್ಚುಕಟ್ಟಿಗಾಗಿ ಅದನ್ನೂ ಫಲಕದೊಳಗೆ ಸೇರಿಸಿಬಿಟ್ಟರೆ, ಎಲ್ಲವನ್ನೂ ಆರಿಸಿ ಬೆಂಗಳೂರಿಗೆ ಹೊರಟ ದಿನದಿಂದಲೇ ದೋಣಿಗೆ ಕಾವಲಿಲ್ಲದಂತಾಗುತ್ತದೆ. ಪ್ರಧಾನ ಸ್ವಿಚ್ ಆರಿಸಿ, ನೀರು ಏರಿದಾಗ ಪಂಪನ್ನು ತಾನಾಗಿ ನಡೆಸುವ ತೇಲು ಸ್ವಿಚ್ಚನ್ನು ಕೈಯಿಂದ ಎತ್ತಿ, ಪಂಪು ತಿರುಗುವುದನ್ನು ಕಿವಿಯಾರೆ ಕೇಳಿದ ಮೇಲೆಯೇ ದೋಣಿ ಬಿಟ್ಟು ಹೊರಡಿ.

ಲಕ್ಷಣ: ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ

ಮಳೆಗಾಲದ ಎರಡು ತಿಂಗಳು ದೋಣಿಯನ್ನು ದಡಕ್ಕೇರಿಸಿ ಬಂದು, ಆಗಸ್ಟಿನಲ್ಲಿ ಹೋಗಿ ನೋಡಿದಾಗ ಬ್ಯಾಟರಿ ಸತ್ತಿರುತ್ತದೆ. ಎಲ್ಲೋ 50 ಮಿಲಿಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ಗಂಟೆ, 60 ದಿನಕ್ಕೆ 72. ಸಣ್ಣ ದೋಣಿಯ ಬ್ಯಾಟರಿಯನ್ನು ಮುಗಿಸಲು ಅಷ್ಟು ಸಾಕು.

ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಸೌರಫಲಕ ಕಳಚಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಆ ತಂತಿಗೂ ಟರ್ಮಿನಲ್‌ಗೂ ನಡುವೆ ಮೊದಲು ಇಂಡಿಕೇಟರ್ ಬಲ್ಬನ್ನು ಕಟ್ಟಿ. ಬಲ್ಬು ಸ್ವಲ್ಪವಾದರೂ ಬೆಳಗಿದರೆ ಸೋರಿಕೆ ದೊಡ್ಡದು, ಮೀಟರ್ ಹಚ್ಚಬೇಡಿ. ಬೆಳಗದಿದ್ದರೆ ಅದೇ ಜಾಗದಲ್ಲಿ ಮೀಟರನ್ನು 10 ಆಂಪಿಯರಿನ ಮಟ್ಟದಲ್ಲಿಟ್ಟು ಕೂಡಿಸಿ, ಅನಂತರ ಮಿಲಿಆಂಪಿಯರಿಗೆ ಇಳಿಸಿ. ಆಂಪಿಯರ್ ಮಟ್ಟದಲ್ಲಿರುವ ಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ಎಂದೂ ಹಿಡಿಯಬಾರದು, ಅದು ನೇರ ಶಾರ್ಟ್ ಆಗುತ್ತದೆ. ಅಳತೆಯಾದ ಮೇಲೆ ಮೀಟರಿನ ತಂತಿಯನ್ನು ವೋಲ್ಟಿನ ರಂಧ್ರಕ್ಕೆ ಮರಳಿ ಹಾಕುವುದನ್ನು ಮರೆಯಬೇಡಿ. ಸೋರಿಕೆ ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಯಾವುದನ್ನು ಕಿತ್ತಾಗ ಸಂಖ್ಯೆ ಇಳಿಯುತ್ತದೆ ನೋಡಿ. ಸಂಗೀತದ ಯಂತ್ರದ ನೆನಪಿನ ಸಾಲು, ಸ್ವಿಚ್ಚಿಗೆ ಮೊದಲೇ ಕೂಡಿಸಿದ ಯುಎಸ್‌ಬಿ ಚಾರ್ಜರ್, ಹೊಸ ಫಲಕದ ವೋಲ್ಟ್‌ಮೀಟರ್, ಇವು ಸಾಮಾನ್ಯ ಕಾರಣಗಳು, ಇವುಗಳಿಂದ ಬ್ಯಾಟರಿ ಬರಿದಾಗುವುದಲ್ಲದೆ ಬೇರೆ ಹಾನಿಯಿಲ್ಲ.

ಎಲ್ಲ ಫ್ಯೂಸು ಕಿತ್ತರೂ ಸೋರಿಕೆ ಉಳಿದರೆ ಅದು ಫಲಕವನ್ನು ಬಳಸದೆ ನೇರವಾಗಿ ಬ್ಯಾಟರಿಗೆ ಕೂಡಿದ ಯಾವುದೋ ಸಾಲಿನಿಂದ, ಬಹುಶಃ ತಳದ ನೀರಿನಲ್ಲಿ ಮುಳುಗಿದ ಪಂಪಿನ ಜೋಡಣೆಯಿಂದ ಬರುತ್ತಿದೆ. ಈ ಸೋರಿಕೆ ನೀರಿನ ಮೂಲಕ ಹರಿಯುವುದರಿಂದ ದೋಣಿಯ ಲೋಹದ ಭಾಗಗಳನ್ನು ಕರಗಿಸುತ್ತದೆ. ಉಳಿದ ಲೋಹದ ಬದಲು ತಾನು ಕರಗಲೆಂದು ದೋಣಿಗೆ ಹಾಕಿದ, ಇಡೀ ಹಂಗಾಮು ಬಾಳಬೇಕಾದ ಸತುವಿನ ಬಿಲ್ಲೆ ಕೆಲವೇ ವಾರಗಳಲ್ಲಿ ಸವೆದಿದ್ದರೆ, ಅಥವಾ ನೀರಿನ ಮಟ್ಟದ ಕೆಳಗಿನ ಕಂಚಿನ ಕವಾಟ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಬ್ಯಾಟರಿಯನ್ನು ಪೂರ್ತಿಯಾಗಿ ಕಳಚಿಟ್ಟು, ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಆ ಕವಾಟವನ್ನು ಕೈಯಿಂದ ತಿರುಗಿಸಲು ಹೋಗದೆ ದೋಣಿಗಳ ಪರೀಕ್ಷಕರಿಗೆ ತೋರಿಸಬೇಕು.